ವಾಹನದೊಳಗೊಂದು ಜೋಳಿಗೆ

'ಉಪಚಾರ' ಎಂಬ ಶಬ್ದಕ್ಕೆ ಇಂದಿನ ಲೋಕರೂಢಿಯಲ್ಲಿ ಎರಡು ಅರ್ಥಗಳು ನಿಂತಿವೆ. ಮನೆಗೆ ಬಂದ ಅತಿಥಿಗೆ ನೀರು-ಬೆಲ್ಲ ಕೊಟ್ಟು ಸತ್ಕರಿಸುವುದೊಂದು. ರೋಗಿಗೆ ಔಷಧವಿತ್ತು ಆರೈಕೆ ಮಾಡುವುದು ಮತ್ತೊಂದು. ಶಬ್ದದ ಮೂಲವನ್ನು ನೋಡಿದರೆ ಅರ್ಥವು ಇದಕ್ಕಿಂತಲೂ ಸರಳವಾಗಿದೆ. 'ಉಪ' ಎಂದರೆ ಸಮೀಪ. 'ಚರ' ಎಂದರೆ ನಡೆ. ಹತ್ತಿರಕ್ಕೆ ನಡೆದುಹೋಗುವುದೇ ಉಪಚಾರ. 'ಪ್ರಥಮ ಚಿಕಿತ್ಸೆ' ಎಂಬ ಮಾತಿಗಿಂತ 'ಪ್ರಥಮೋಪಚಾರ' ಎಂಬ ಮಾತೇ ಮೇಲೆಂದು ಹೇಳಬೇಕಾದುದು ಈ ಕಾರಣದಿಂದ. ಚಿಕಿತ್ಸೆ ವೈದ್ಯನ ಕಾರ್ಯ. ಹತ್ತಿರಕ್ಕೆ ಹೋಗುವುದು ಯಾರಿಂದಲೂ ಆಗುವ ಕಾರ್ಯ.

ಯಾರಿಂದಲೂ ಆಗುವ ಈ ಕಾರ್ಯವು ಯಾರಿಂದಲೂ ಆಗದೆ ಹೋದ ಪ್ರಸಂಗವೊಂದು ಈ ಭಾಗದ ಮಗ್ಗುಲಲ್ಲಿಯೇ ನಡೆದುಹೋಯಿತು. ಇಳಕಲ್ಲಿನಿಂದ ಕುಷ್ಟಗಿಯನ್ನು ದಾಟಿ ಮುಂದೆ ಹೋದರೆ ಸಿಗುವ ಕೊಪ್ಪಳದಲ್ಲಿ, 2017ರ ಫೆಬ್ರುವರಿ ತಿಂಗಳ ಆರಂಭದಲ್ಲಿ, ಸೈಕಲ್ಲಿನ ಮೇಲೆ ಹೊರಟಿದ್ದ ಹದಿಹರೆಯದ ಹುಡುಗನೊಬ್ಬನು ಬಸ್ಸಿನ ಗಾಲಿಗೆ ಸಿಕ್ಕನು. ಹುಡುಗನಿಗೆ ಎಚ್ಚರವಿತ್ತು. ರಕ್ತ ಹರಿಯುತ್ತಿರಲು ಕೈಯೆತ್ತಿ ಸಹಾಯ ಬೇಡಿದನು. ಸುತ್ತಲೂ ಜನ ನೆರೆದಿತ್ತು. ಕೆಲವರು ಮೊಬೈಲಿನಲ್ಲಿ ಆ ದೃಶ್ಯವನ್ನು ಚಿತ್ರಿಸಿಕೊಂಡರು. ಅರ್ಧ ಗಂಟೆಯಷ್ಟು ಕಾಲ ಕಳೆದ ಮೇಲೆ ಆಸ್ಪತ್ರೆಗೆ ಒಯ್ದರೂ ಹುಡುಗನು ಉಳಿಯಲಿಲ್ಲ. ಆ ಚಿತ್ರಗಳು ದೇಶವನ್ನೆಲ್ಲ ಸುತ್ತಿದವು. ಕನ್ನಡ ನಾಡಿನ ಜನರ ಕರುಣೆ ಬತ್ತಿತೆಂದು ಪತ್ರಿಕೆಗಳು ಬರೆದವು.

ಆ ಮಾತು ಪೂರ್ತಿ ಸತ್ಯವೆಂದು ಒಪ್ಪುವುದು ಕಷ್ಟ. ದಾಸೋಹದ ನೆಲದಲ್ಲಿ ಹುಟ್ಟಿ, ಜಾತ್ರೆಯಲ್ಲಿ ಅಪರಿಚಿತನಿಗೂ ರೊಟ್ಟಿಯ ಗಂಟು ಬಿಚ್ಚುವ ಜನರು ಒಂದು ದಿನದ ಮುಂಜಾನೆ ನಿರ್ದಯರಾಗಿಬಿಡುವುದಿಲ್ಲ. ಅಂದು ನೆರೆದವರಲ್ಲಿ ಬಹುಮಂದಿಗೆ ಮುಂದೇನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಗೊತ್ತಿದ್ದವನೊಬ್ಬನಿದ್ದರೂ ಅವನ ಕೈಯಲ್ಲಿ ಏನೂ ಇರಲಿಲ್ಲ. ಬರಿಗೈಯ ಮನುಷ್ಯನು ಮುಂದಕ್ಕೆ ಹೆಜ್ಜೆ ಇಡುವುದಿಲ್ಲ; ಕೈಯಲ್ಲಿ ಮೊಬೈಲು ಇದ್ದವನು ಅದು ಮಾಡಬಲ್ಲ ಕೆಲಸವನ್ನೇ ಮಾಡಿದನು. ಅವನ ಕೈಯಲ್ಲಿ ಒಂದು ಹಿಡಿ ಬಟ್ಟೆ ಇದ್ದು, ಅದನ್ನು ಎಲ್ಲಿ ಒತ್ತಬೇಕೆಂಬ ಅರಿವು ಇದ್ದಿದ್ದರೆ ಏನಾಗುತ್ತಿತ್ತು? ಹುಡುಗನು ಬದುಕುತ್ತಿದ್ದನೆಂದು ಖಂಡಿತವಾಗಿ ಹೇಳಲು ಬಾರದು. ಆದರೆ ಅವನ ಹತ್ತಿರ ಒಬ್ಬ ಮನುಷ್ಯನಾದರೂ ಮೊಣಕಾಲೂರಿ ಕುಳಿತಿರುತ್ತಿದ್ದನು.

ಬಾಗಲಕೋಟೆ ಜಿಲ್ಲೆಯ ರಸ್ತೆಗಳನ್ನು ಬಲ್ಲವರಿಗೆ ಈ ಮಾತು ದೂರದ್ದೆಂದು ತೋರದು. ವಿಜಯಪುರದಿಂದ ಹೊಸಪೇಟೆಯತ್ತ ಹೋಗುವ ಹೆದ್ದಾರಿ ಹುನಗುಂದ, ಇಳಕಲ್ಲಗಳನ್ನು ಮುಟ್ಟಿಕೊಂಡು ಸಾಗುತ್ತದೆ. ಹಿಂದೆ 13ನೆಯ ಸಂಖ್ಯೆಯಿದ್ದ ಈ ಮಾರ್ಗಕ್ಕೆ ಈಗ 50ನೆಯ ಸಂಖ್ಯೆ. ಅದು ಚತುಷ್ಪಥವಾದ ಮೇಲೆ ವೇಗ ಹೆಚ್ಚಿತು. ಎತ್ತಿನ ಬಂಡಿ, ಕುರಿಯ ಹಿಂಡು, ಎದುರುದಿಕ್ಕಿನಿಂದ ಬರುವ ಬೈಕು ಮಾತ್ರ ಹಾಗೆಯೇ ಉಳಿದವು. ರಾಯಚೂರಿನಿಂದ ಬೆಳಗಾವಿಯ ಕಡೆಗೆ ಹೋಗುವ ರಸ್ತೆಯೂ ಹುನಗುಂದ, ಬಾಗಲಕೋಟೆಗಳ ಮೂಲಕವೇ ಹಾಯುತ್ತದೆ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಿಲ್ಲದೆ ಇರುಳೆಲ್ಲ ಓಡಾಡುತ್ತವೆ. ಇಳಕಲ್ಲಿನ ಕೆಂಪು ಗ್ರ್ಯಾನೈಟ್ ಶಿಲೆಯನ್ನು ಹೊತ್ತ ಲಾರಿಗಳು ಬೇರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ಊರೂರುಗಳಿಂದ ಬಂಡಿ, ಟ್ರ್ಯಾಕ್ಟರು, ಟಂಟಂ ತುಂಬಿಕೊಂಡು ಜನ ಬರುತ್ತದೆ. ಯುಗಾದಿಗೆ ಮುನ್ನ ಶ್ರೀಶೈಲದ ಪಾದಯಾತ್ರಿಗಳು ಬಿಸಿಲನ್ನು ತಪ್ಪಿಸಲೆಂದು ಇರುಳಿನಲ್ಲಿ ರಸ್ತೆಯ ಅಂಚನ್ನೇ ಹಿಡಿದು ನಡೆಯುತ್ತಾರೆ. ಚಳಿಗಾಲದಲ್ಲಿ ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮಗಳಿಗೆ ಶಾಲಾಮಕ್ಕಳ ಪ್ರವಾಸದ ಬಸ್ಸುಗಳ ಸಾಲು. ಇವರೆಲ್ಲರೂ ಒಂದೇ ಡಾಂಬರಿನ ಮೇಲೆ!

2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿಯೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ದೊಡ್ಡ ಅಂಕಿಗಳು ಮನಸ್ಸನ್ನು ತಟ್ಟುವುದಿಲ್ಲ. ಆದುದರಿಂದ ಸಣ್ಣ ಅಂಕಿಗಳನ್ನು ನೋಡಬೇಕು. ಬೆಳೆದ ಮನುಷ್ಯನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರು. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. 108ರ ಆಂಬುಲೆನ್ಸು 2008ರ ನವೆಂಬರಿನಿಂದ ಈ ರಾಜ್ಯದಲ್ಲಿ ಓಡಾಡುತ್ತಿದ್ದು, ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಐಹೊಳೆಯ ತಿರುವಿನಲ್ಲಿ ಬಿದ್ದವನ ಬಳಿಗೆ ಅದು ಎಷ್ಟು ವೇಗದಿಂದ ಬಂದರೂ ಆ ಕೆಲವು ನಿಮಿಷಗಳೊಳಗೆ ಬರಲಾರದು. ಅಲ್ಲಿಂದ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗಳಿಗೆ ಮತ್ತೆ ದಾರಿ. ಈ ನಡುವಿನ ಹೊತ್ತು ವೈದ್ಯನದೂ ಅಲ್ಲ, ಸರಕಾರದ್ದೂ ಅಲ್ಲ, ಅದು ದಾರಿಹೋಕನದು.

ಪ್ರತಿಯೊಂದು ಶಾಲಾವಾಹನದಲ್ಲಿಯೂ ಬಾಡಿಗೆಯ ವಾಹನದಲ್ಲಿಯೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂಬ ನಿಯಮವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಚಾಲಕನ ತಲೆಯ ಮೇಲ್ಗಡೆ, ದೇವರ ಪಟದ ಪಕ್ಕದಲ್ಲಿ, ಕೆಂಪು ಗುರುತಿನ ಬಿಳಿಯ ಡಬ್ಬಿಯೊಂದು ಮೊಳೆ ಹೊಡೆಸಿಕೊಂಡು ಕುಳಿತಿರುತ್ತದೆ. ಪಾಸಿಂಗಿನ ದಿನ ಅದರ ದರ್ಶನ; ಆಮೇಲೆ ಬೀಡಿ, ಬೆಂಕಿಪೊಟ್ಟಣ, ಚಿಲ್ಲರೆ ಹಣದ ಭಂಡಾರ. ಬೀಗ ಹಾಕಿ ಕೀಲಿ ಕಳೆದುಕೊಂಡ ಪೆಟ್ಟಿಗೆಗಳೂ ಉಂಟು. ತೆರೆದು ನೋಡಿದರೆ ಒಳಗಿರುವುದಾದರೂ ಏನು? ಆವಿಯಾಗಿ ಹೋದ ಟಿಂಕ್ಚರಿನ ಶೀಸೆ, ಬೇಸಿಗೆಯ ಕಾವಿಗೆ ಅಂಟು ಕರಗಿದ ಪಟ್ಟಿ, ತಲೆನೋವಿನ ಗುಳಿಗೆ ನಾಲ್ಕು. ಹುಡುಗನ ಮೊಣಕೈ ತರಚಿದರೆ ಸಾಕಾಗುವಷ್ಟು ಸಾಮಗ್ರಿ ಅದು. ಲಾರಿಯ ಕೆಳಗೆ ಕಾಲು ನುಜ್ಜುಗುಜ್ಜಾದವನಿಗೆ ಅದರಿಂದ ಆಗುವ ಪ್ರಯೋಜನ ಶೂನ್ಯ.

ರಸ್ತೆಯ ಗಾಯಕ್ಕೆ ಬೇಕಾದುದು ಔಷಧವಲ್ಲ, ಬಟ್ಟೆ. ಇದನ್ನು ಒತ್ತಿ ಹೇಳಬೇಕಾಗಿದೆ. ಹರಿಯುವ ರಕ್ತವನ್ನು ನಿಲ್ಲಿಸುವುದಕ್ಕೆ ಬೇಕಾದಷ್ಟು ಬಟ್ಟೆ, ಅದನ್ನು ಬಿಗಿಯುವುದಕ್ಕೆ ಪಟ್ಟಿ, ಬಟ್ಟೆಯಿಂದ ನಿಲ್ಲದಿದ್ದರೆ ಕಟ್ಟುವುದಕ್ಕೆ ಒಂದು ಸಾಧನ. ಸುಶ್ರುತನು ಸೂತ್ರಸ್ಥಾನದಲ್ಲಿ ಹದಿನಾಲ್ಕು ಬಗೆಯ ಬಂಧಗಳನ್ನು ಹೆಸರಿಸಿ, ಯಾವ ಅಂಗಕ್ಕೆ ಯಾವ ಬಂಧವೆಂದು ವಿಧಿಸಿದ್ದಾನೆ. ಸ್ವಸ್ತಿಕ, ಮಂಡಲ, ಗೋಫಣ ಮೊದಲಾದ ಆ ಹೆಸರುಗಳನ್ನು ಕೇಳಿದರೆ ಗಾಯ ಕಟ್ಟುವುದು ಒಂದು ಕಲೆಯೆಂದು ಆತನು ತಿಳಿದಿದ್ದನೆಂಬುದು ಸ್ಪಷ್ಟವಾಗುತ್ತದೆ. ರಕ್ತವನ್ನು ನಿಲ್ಲಿಸುವ ನಾಲ್ಕು ಉಪಾಯಗಳನ್ನೂ ಆತನು ಹೇಳಿದ್ದುಂಟು. ಹಾಗೆಂದು ಇಂದಿನ ವೈದ್ಯವೆಲ್ಲ ಅಂದೇ ಇತ್ತೆಂದು ಹೆಮ್ಮೆಪಡುವುದು ಪಾಂಡಿತ್ಯವಾಗದು. ಸುಡುವುದೂ ಕಷಾಯ ಹಾಕುವುದೂ ಆ ನಾಲ್ಕರಲ್ಲಿ ಸೇರಿದ್ದವು. ಅವು ದಾರಿಹೋಕನಿಗೆ ತಕ್ಕುವಲ್ಲ. ಉಳಿದದ್ದು ಬಂಧವೊಂದೇ.

ಹೀಗಾಗಿ ಜೋಡಿಸಬೇಕಾದ ಚೀಲ ಯಾವ ರೀತಿಯದಾಗಿರಬೇಕೆಂಬುದನ್ನು ತುಸು ವಿಸ್ತಾರವಾಗಿಯೇ ನೋಡುವುದು ಯುಕ್ತ. ಮೊದಲು ಕೈಗವಸುಗಳು, ಎರಡು ಮೂರು ಜೊತೆ. ಪರರ ರಕ್ತವನ್ನು ಮುಟ್ಟುವ ಅಂಜಿಕೆ ಇವುಗಳಿಂದ ಅರ್ಧ ಕಳೆಯುತ್ತದೆ. ಬಳಿಕ ಗಾಜಿನ ಬಟ್ಟೆ ಎಂದು ಹಳ್ಳಿಗರು ಕರೆಯುವ ಗಾಜ್ ಸುರುಳಿಗಳು, ಅಂಗೈಗಿಂತ ದೊಡ್ಡ ದಪ್ಪ ಪ್ಯಾಡುಗಳು, ಹಿಗ್ಗುವ ಕ್ರೇಪ್ ಪಟ್ಟಿಗಳು ನಾಲ್ಕಾರು. ಇವುಗಳಲ್ಲಿ ಜಿಪುಣತನ ಸಲ್ಲದು. ತ್ರಿಕೋನ ಪಟ್ಟಿಗಳಿಗೆ ಪೇಟೆಗೆ ಹೋಗಬೇಕಾದುದೇ ಇಲ್ಲ: ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಒಗೆದ ಅರಿವೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡಾಗುತ್ತವೆ. ಇಳಕಲ್ಲ ಸೀರೆ ನೇಯುವ, ಗುಳೇದಗುಡ್ಡದ ಖಣ ನೇಯುವ ನಾಡಿನಲ್ಲಿ ಮೀಟರು ಅರಿವೆಗೆ ಬರವಿದೆಯೆಂದರೆ ಮಗ್ಗಗಳೇ ನಕ್ಕಾವು. ಉಡುಪನ್ನು ಕತ್ತರಿಸಿ ಗಾಯವನ್ನು ತೆರೆದು ನೋಡಲು ಮೊಂಡುತುದಿಯ ಗಟ್ಟಿ ಕತ್ತರಿ, ಬ್ಯಾಟರಿ, ಬರೆಯಲು ಅಳಿಸದ ಮಸಿಯ ಪೆನ್ನು, ಬೆಳಕಿಗೆ ಹೊಳೆಯುವ ಎಚ್ಚರಿಕೆಯ ತ್ರಿಕೋನ.

ತ್ರಿಕೋನದ ಬಗೆಗೆ ಒಂದು ಮಾತು. ಈ ಭಾಗದಲ್ಲಿ ಕೆಟ್ಟುನಿಂತ ವಾಹನದ ಹಿಂದೆ ಕಲ್ಲುಗಳನ್ನಿಟ್ಟು ಬೇವಿನ ಟೊಂಗೆ ಸಿಕ್ಕಿಸುವ ರೂಢಿಯಿದೆ. ವಾಹನ ಹೋದ ಮೇಲೆ ಟೊಂಗೆ ಬಾಡುತ್ತದೆ, ಕಲ್ಲು ಅಲ್ಲಿಯೇ ಉಳಿಯುತ್ತದೆ. ಇರುಳಿನಲ್ಲಿ ಬೈಕಿನ ಮೇಲೆ ಬಂದವನಿಗೆ ಅದೇ ಮೃತ್ಯುವಾಗುತ್ತದೆ. ಸಹಾಯಕ್ಕೆಂದು ಇಟ್ಟ ಕಲ್ಲಿನಿಂದ ಸತ್ತವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇನ್ನು ಕಂಬಳಿ. ಪೇಟೆಯಲ್ಲಿ ಬೆಳ್ಳಿಯ ಬಣ್ಣದ ಹಗುರಾದ ಹಾಳೆಗಳು ಸಿಗುತ್ತವೆ, ಅವೂ ಒಳ್ಳೆಯವೇ. ಆದರೆ ಕುರುಬರು ನೇಯ್ದ ಕರಿಯ ಕಂಬಳಿ ಹೊದಿಕೆಯೂ ಆದೀತು, ನಾಲ್ವರು ಹಿಡಿದರೆ ಡೋಲಿಯೂ ಆದೀತು. ಬಾದಾಮಿಯ ಬಂಡೆಗಳು ಕಾಯುವ ಬಿಸಿಲಿನಲ್ಲಿ ಕಂಬಳಿಯೇಕೆಂದು ಕೇಳುವವರುಂಟು. ರಕ್ತ ಕಳೆದುಕೊಂಡವನ ಮೈ ವೈಶಾಖದಲ್ಲಿಯೂ ತಣ್ಣಗಾಗುತ್ತದೆ. ಮೈ ತಣ್ಣಗಾದಂತೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಹೊದಿಸುವುದು ಬರಿಯ ಮಮತೆಯ ಕುರುಹಲ್ಲ, ರಕ್ತ ನಿಲ್ಲಿಸುವ ಕ್ರಿಯೆಯ ಒಂದು ಭಾಗ.

ಚೀಲದಲ್ಲಿರುವ ವಸ್ತುಗಳಲ್ಲಿ ಹೆಚ್ಚು ವಿವಾದಕ್ಕೆ ಎಡೆಯಾದುದು ಬಿಗಿಪಟ್ಟಿ. ಆಂಗ್ಲರು ಟೂರ್ನಿಕೆ ಎನ್ನುವ ಶಬ್ದ ತಿರುವು ಎಂಬರ್ಥದ ಫ್ರೆಂಚ್ ಮೂಲದಿಂದ ಬಂದುದು. ಪೆಟಿ ಎಂಬ ಫ್ರೆಂಚ್ ಶಸ್ತ್ರವೈದ್ಯನು 1718ರಲ್ಲಿ ತಿರುಪಿನ ಬಿಗಿಪಟ್ಟಿಯನ್ನು ತಂದನು. ಅಂಗವೇ ಕೊಳೆತೀತೆಂಬ ಭಯದಿಂದ ಕಳೆದ ಶತಮಾನದಲ್ಲಿ ಇದು ಬಹುಕಾಲ ಮೂಲೆ ಸೇರಿತ್ತು. ಇರಾಕ, ಅಫಗಾನಿಸ್ತಾನಗಳ ಯುದ್ಧಗಳಲ್ಲಿ ಸೈನಿಕರ ಪ್ರಾಣ ಉಳಿಸಿದುದನ್ನು ಕಂಡ ಮೇಲೆ ವೈದ್ಯರು ಅದನ್ನು ಮತ್ತೆ ಕೈಗೆತ್ತಿಕೊಂಡರು. 2015ರಲ್ಲಿ ಅಮೆರಿಕೆಯಲ್ಲಿ ಸಾಮಾನ್ಯ ಜನರಿಗೂ ಅದನ್ನು ಕಲಿಸುವ ಆಂದೋಲನವೇ ಮೊದಲಾಯಿತು. ತೋಳಿನಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದಾಗ, ಗಾಯದಿಂದ ಮೂರು ನಾಲ್ಕು ಬೆರಳು ಮೇಲೆ, ಸಂದಿನ ಮೇಲಲ್ಲದೆ, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ನೋವಾಗುತ್ತದೆ, ಗಾಯಾಳು ಕೂಗುತ್ತಾನೆ, ಕೂಗಿದನೆಂದು ಸಡಿಲಿಸಬಾರದು. ಬಿಗಿದ ಹೊತ್ತನ್ನು ಅವನ ಹಣೆಯ ಮೇಲೋ ಪಟ್ಟಿಯ ಮೇಲೋ ಬರೆಯಬೇಕು. ಬಿಚ್ಚುವ ಅಧಿಕಾರ ವೈದ್ಯನದು. ತಯಾರಿಸಿದ ಪಟ್ಟಿಯೇ ಉತ್ತಮ; ಅಗ್ಗಕ್ಕೆ ಸಿಗುವ ನಕಲಿಗಳ ಕಡ್ಡಿ ಬಿಗಿಯುವಾಗಲೇ ಮುರಿಯುವುದುಂಟಾದುದರಿಂದ ಕೊಳ್ಳುವವರು ಬಲ್ಲವರನ್ನು ಕೇಳಿ ಕೊಳ್ಳಬೇಕು. ಏನೂ ಇಲ್ಲದಾಗ ನಾಲ್ಕು ಮಡಿಕೆಯ ಎರಡು ಬೆರಳಗಲದ ಬಟ್ಟೆ ಮತ್ತು ಗಟ್ಟಿ ಕೋಲು. ಸುತಳಿ, ತಂತಿ, ಬೈಕಿನ ಕೇಬಲು ಬೇಡ. ಅವು ಮಾಂಸವನ್ನು ಕೊಯ್ಯುತ್ತವೆ.

ಇಲ್ಲಿ ಒಂದು ವಿಪರೀತವಿದೆ. ಕಟ್ಟುವುದು ಈ ಭಾಗದ ರೈತನಿಗೆ ಹೊಸದಲ್ಲ. ಹೊಲದಲ್ಲಿ ಹಾವು ಕಚ್ಚಿದರೆ ಹಗ್ಗವನ್ನೋ ಟಾವೆಲನ್ನೋ ಬಿಗಿಯಾಗಿ ಕಟ್ಟುತ್ತಾರೆ; ಹಾವಿನ ವಿಷಕ್ಕೆ 'ಅರಿಷ್ಟಾ'ಬಂಧವನ್ನು ಸುಶ್ರುತನೂ ಹೇಳಿದ್ದಾನೆ. ಆದರೆ ಹಾಗೆ ಬಿಗಿಯುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚೆಂದು ಇಂದಿನ ವೈದ್ಯಶಾಸ್ತ್ರ ನಿರ್ಣಯಿಸಿದೆ; ಹಾವು ಕಚ್ಚಿದವನ ಅಂಗವನ್ನು ಅಲುಗಿಸದೆ ಬೇಗನೆ ಆಸ್ಪತ್ರೆಗೆ ಒಯ್ಯಬೇಕು, ಅಷ್ಟೇ. ಕಟ್ಟಬಾರದಲ್ಲಿ ಕಟ್ಟುವ ಕೈ, ಕಟ್ಟಲೇಬೇಕಾದ ರಸ್ತೆಯ ಗಾಯದಲ್ಲಿ ಅಂಜಿ ಹಿಂದೆಗೆಯುತ್ತದೆ. ಕಲಿಸಬೇಕಾದುದು ಹೊಸ ಕ್ರಿಯೆಯನ್ನಲ್ಲ, ಬಲ್ಲ ಕ್ರಿಯೆಯ ಸ್ಥಾನವನ್ನು.

ತೊಡೆಯ ಸಂದು, ಕಂಕುಳ, ಕತ್ತುಗಳಲ್ಲಿ ಬಿಗಿಪಟ್ಟಿ ಕಟ್ಟಲು ಬಾರದು. ತೊಡೆಯ ಸಂದು, ಕಂಕುಳಗಳ ಗಾಯದೊಳಕ್ಕೆ ಗಾಜನ್ನು ಬೆರಳಿನಿಂದ ತುರುಕುತ್ತ ತುಂಬಿ, ಮೇಲಿನಿಂದ ಎರಡೂ ಕೈಗಳಿಂದ ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ಕತ್ತಿನಲ್ಲಿ ಉಸಿರು ಕಟ್ಟದಂತೆ ಗಾಯದ ಮೇಲಷ್ಟೇ ಒತ್ತಬೇಕು. ನಡುನಡುವೆ ಎತ್ತಿ ನೋಡುವುದು ಬಹುಜನರು ಮಾಡುವ ತಪ್ಪು. ಅರಿಸಿನ, ಕಾಫಿಪುಡಿ, ಸುಣ್ಣ ಸುರಿಯುವುದು ಬೇಡ. ನೀರು ಕುಡಿಸುವುದೂ ಬೇಡ. ಈ ಕೊನೆಯ ಮಾತು ಸಂಪ್ರದಾಯಸ್ಥರಿಗೆ ಒಪ್ಪಿಗೆಯಾಗುವುದು ಕಠಿಣ. ಸಾಯುವವನ ಬಾಯಿಗೆ ನೀರು ಬಿಡುವುದು ಪುಣ್ಯವೆಂಬ ಭಾವನೆ ರಕ್ತಗತವಾಗಿದೆ. ಎಚ್ಚರವಿಲ್ಲದವನ ಬಾಯಿಗೆ ಬಿಟ್ಟ ನೀರು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರವಿದ್ದವನಿಗೂ ಮುಂದೆ ಶಸ್ತ್ರಕ್ರಿಯೆಗೆ ಅದರಿಂದ ತೊಡಕು. ಬೆಂಕಿಯ, ಮತ್ತೊಂದು ವಾಹನದ ಭಯವಿಲ್ಲದಿದ್ದರೆ ಗಾಯಾಳುವನ್ನು ಕೈಕಾಲು ಹಿಡಿದು ಎಳೆಯಲೂಬಾರದು.

ಉಪಚಾರಕ್ಕೆ ಹೋದವನನ್ನು ಪೋಲೀಸರು ಹಿಡಿದು ಕೂಡಿಸುತ್ತಾರೆ, ಕೋರ್ಟಿಗೆ ಅಲೆಸುತ್ತಾರೆ ಎಂಬ ಭಯವು ಹಿಂದೆ ನಿರಾಧಾರವಾಗಿರಲಿಲ್ಲ. ಈಗ ಅದಕ್ಕೆ ಆಧಾರವಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ ಎಂಬ ತರುಣನು, ದೇಹ ಎರಡು ತುಂಡಾಗಿದ್ದರೂ, ತನ್ನ ಅಂಗಗಳನ್ನು ದಾನಮಾಡಿರೆಂದು ಕೇಳಿಕೊಂಡು ಪ್ರಾಣಬಿಟ್ಟನು. ಅವನ ಕಣ್ಣುಗಳು ಉಳಿದವು. ಮರುತಿಂಗಳೇ ರಾಜ್ಯ ಸರಕಾರ ಅವನ ಹೆಸರಿನಲ್ಲಿ, ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗಿನ ಚಿಕಿತ್ಸೆಯ ವೆಚ್ಚವನ್ನು ಹೊರುವ ಯೋಜನೆಯನ್ನು ಸಾರಿತು. ಅದೇ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರೋಪಕಾರಿಗಳ ರಕ್ಷಣೆಯ ನಿಯಮಗಳನ್ನು ಎತ್ತಿಹಿಡಿಯಿತು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮಿನಂತೆ, ಸದ್ಭಾವದಿಂದ ನೆರವಾದವನ ಮೇಲೆ ದಿವಾಣಿ, ಫೌಜದಾರಿ ಯಾವ ಹೊಣೆಯೂ ಬೀಳದು; ಹೆಸರು ಹೇಳೆಂದು ಅವನನ್ನು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳಷ್ಟು ನಗದುರಹಿತ ಚಿಕಿತ್ಸೆಯನ್ನು ವಿಧಿಸಿತು. ಕಾನೂನು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿ ಮುಗಿಸಿದೆ. ಇದನ್ನು ಬಲ್ಲವರು ಮಾತ್ರ ವಿರಳ.

ಇಲ್ಲಿಯೇ ಮಠದ ಶಾಲೆಗಳ ಕಾರ್ಯಕ್ಷೇತ್ರ ತೆರೆಯುವುದು. ಜೋಳಿಗೆ ಎಂಬ ವಸ್ತು ಈ ನಾಡಿನಲ್ಲಿ ಎಷ್ಟೊಂದು ಕೆಲಸ ಮಾಡಿದೆ! ಜಂಗಮರು ಮನೆಮನೆಯ ಹಿಡಿ ಜೋಳವನ್ನು ಅದರಲ್ಲಿ ಕೂಡಿಸಿ ಪ್ರಸಾದನಿಲಯಗಳನ್ನು ನಡೆಸಿದರು. ಇಂದಿನ ಎಷ್ಟೋ ಗುರುಗಳು, ವೈದ್ಯರು, ಎಂಜಿನಿಯರರು ಆ ಜೋಳಿಗೆಯ ಅನ್ನ ಉಂಡವರು. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಅದೇ ಜೋಳಿಗೆಗೆ ಮತ್ತೊಂದು ಅರ್ಥ ಕೊಟ್ಟರು. ಧಾನ್ಯ ಬೇಡ, ಹಣ ಬೇಡ, ಕುಡಿತ-ತಂಬಾಕುಗಳ ಚಟವನ್ನು ಇದರಲ್ಲಿ ಹಾಕಿರೆಂದು ಬೀದಿಬೀದಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತದೆ. ಕುಡಿದು ವಾಹನ ನಡೆಸದಂತೆ ಒಬ್ಬ ಚಾಲಕನಿಂದ ಆ ಜೋಳಿಗೆಗೆ ಬಿದ್ದ ಒಂದು ಸೀಸೆ, ಯಾವ ಬಿಗಿಪಟ್ಟಿಗಿಂತಲೂ ಮೊದಲೇ ರಕ್ತವನ್ನು ತಡೆದಿರಬೇಕು. ಕೊಡುವ ಜೋಳಿಗೆ, ಬಿಡಿಸುವ ಜೋಳಿಗೆಗಳಾದ ಮೇಲೆ ಕಟ್ಟುವ ಜೋಳಿಗೆಯೊಂದು ಈ ನೆಲದಿಂದ ಹೊರಟರೆ ಅದು ಪರಕೀಯವೆನ್ನಿಸದು. ಮೊಳೆ ಹೊಡೆದ ಡಬ್ಬಿಗಿಂತ ಬಟ್ಟೆಯ ಜೋಳಿಗೆಯೇ ಅನುಕೂಲವೂ ಹೌದು. ಹೆಗಲಿಗೇರಿಸಿ ಗಾಯಾಳುವಿನ ಬಳಿಗೆ ಓಡಬಹುದು.

ಶಾಲೆಯ ವಾಹನ ಒಂದಕ್ಕೆ ಇಂತಹ ಚೀಲ ಇಡುವುದು ಸುಲಭ. ಅದರೊಡನೆ ಚಾಲಕ, ನಿರ್ವಾಹಕ, ಪ್ರವಾಸಕ್ಕೆ ಹೋಗುವ ಇಬ್ಬರು ಶಿಕ್ಷಕರು ಹಾಗೂ ಒಂಬತ್ತನೆಯ ಇಯತ್ತೆಯ ಮಕ್ಕಳೆಲ್ಲರ ಕೈಗಳಿಗೆ ಅಭ್ಯಾಸ ಆಗಬೇಕು. ಹಳೆಯ ಗಾದಿಯ ಸ್ಪಂಜಿನಲ್ಲಿ ಸೀಳು ಮಾಡಿ ಅದಕ್ಕೆ ಗಾಜು ತುಂಬುವುದನ್ನು ಕಲಿಸಬಹುದು. ಇಂತಹ ಪಾಠಗಳನ್ನು ರೆಡ್ ಕ್ರಾಸ್ ಹಾಗೂ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ನಡೆಸುತ್ತವೆ. ಬಾಗಲಕೋಟೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವೇ ಇರುವಾಗ ಕಲಿಸುವವರಿಗೆ ಕೊರತೆಯಾಗಲಾರದು. ಪಾಠಪ್ರವಚನಗಳ ಹೊತ್ತು ಹಾಳಾಗುವುದೆಂದು ಆಕ್ಷೇಪಿಸುವ ಪಂಡಿತರಿದ್ದಾರೆ. ಸಂಧಿ-ಸಮಾಸ ಕಲಿಯದೆ ಒಬ್ಬ ಹುಡುಗ ಅನುತ್ತೀರ್ಣನಾದರೆ ಮರುವರ್ಷ ಪರೀಕ್ಷೆಗೆ ಕೂಡಬಹುದು ಎಂಬುದಷ್ಟೇ ಅವರಿಗೆ ಉತ್ತರ.

ಚೀಲ ಕೆಡುವ ಮಾತೂ ಉಂಟು. ಬೇಸಿಗೆಯಲ್ಲಿ ನಿಲ್ಲಿಸಿದ ವಾಹನದ ಒಳಗೆ ರಬ್ಬರು ಒಡೆಯುತ್ತದೆ, ಅಂಟು ಕರಗುತ್ತದೆ. ಆದುದರಿಂದ ಮುಂಗಾಜಿನ ಬಳಿ ಇಡದೆ ಆಸನದ ಕೆಳಗೆ, ಬೀಗವಿಲ್ಲದೆ ಇಡಬೇಕು. ಖಂಡೇಪೂಜೆಯ ದಿನ ವಾಹನ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುವ ಪದ್ಧತಿ ಎಲ್ಲೆಡೆಗೂ ಇದೆ. ಅಂದೇ ಈ ಜೋಳಿಗೆಯನ್ನು ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ತುಂಬುವ ರೂಢಿ ಹಾಕಿದರೆ ಯಾರೂ ಮರೆಯಲಾರರು. ಬಸವ ಜಯಂತಿಗೆ ಮತ್ತೊಮ್ಮೆ.

ವಾರ್ಷಿಕ ಸಂಚಿಕೆಯ ಈ ಪುಟಗಳನ್ನು ಓದುವ ದಾನಿಗಳು ಕೊಠಡಿ ಕಟ್ಟಿಸಿದ್ದಾರೆ, ಕಮಾನು ಕಟ್ಟಿಸಿದ್ದಾರೆ; ಅಮೃತಶಿಲೆಯ ಫಲಕಗಳಲ್ಲಿ ಅವರ ಹೆಸರುಗಳು ಶಾಶ್ವತವಾಗಿವೆ, ಅದು ತಕ್ಕುದೇ. ಈ ಜೋಳಿಗೆಯ ಮೇಲೆ ಮಾತ್ರ ದಾನಿಯ ಹೆಸರು ಬೇಡ. ಇರುವಷ್ಟು ಜಾಗದಲ್ಲಿ ದೊಡ್ಡ ಅಕ್ಷರಗಳಿಂದ 108, 112 ಎಂಬ ಅಂಕಿಗಳು, ಕಳೆದ ಸಲ ತುಂಬಿದ ದಿನಾಂಕ, ತುಂಬಿದವರ ಸಹಿ. ಒಳಗಡೆ ಒಂದು ಸಣ್ಣ ನೋಟುಪುಸ್ತಕ. ಬಳಸಿದ ದಿನ, ಸ್ಥಳ, ಕಡಮೆಯಾದ ಗಾಜು ಎಷ್ಟೆಂದು ಚಾಲಕನು ಅದರಲ್ಲಿ ಬರೆದರೆ ಮರುದಿನ ಶಾಲೆಯ ಕಚೇರಿಯಿಂದ ಅಷ್ಟನ್ನು ಕೊಡಬೇಕು, ಕಾರಣ ಕೇಳಬಾರದು.